ಆರೋಗ್ಯ ಪ್ರಶ್ನೋತ್ತರ: ಮಲಗುವ ಕೋಣೆಗೆ ಕೆಂಡ ತರಬೇಡಿ

ಈ ಬಾರಿ ಆರಿಸಿಕೊಂಡ ಪತ್ರಗಳೆಲ್ಲ ತಮಿಳುನಾಡಿನ ಒಂದೇ ಸೀಮೆಯವು: ದಿಂಡಿಗಲ್, ಕೊಡೈಕೆನಾಲ್, ಬೋಡಿನಾಯಕನೂರು, ಕಂಬಂ. ಅಲ್ಲಿನ ಒಕ್ಕಲಿಗ, ಕಪ್ಪಿಲಿಯ, ದೇವಾಂಗ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಬಾಯಲ್ಲಿ ಉಳಿದಿದೆ. ಓದುಬರಹ ಮಾತ್ರ ತಮಿಳಿನಲ್ಲಿ. ಹಾಗಾಗಿ ಕೆಲವು ಪತ್ರಗಳನ್ನು ಬೆಂಗಳೂರು, ಮೈಸೂರು ಸೇರಿದ ಮಕ್ಕಳು ಮನೆಯವರ ಮಾತು ಕೇಳಿ ಬರೆದಿದ್ದಾರೆ. ಕಣಿವೆಯಲ್ಲಿ ಸೆಕೆ, ಬೆಟ್ಟದ ಮೇಲೆ ಕೊರೆಯುವ ಚಳಿ. ಎರಡೂ ಕಡೆ ಉರಿಯುವುದು ಸೌದೆಯೇ.

ಪ್ರಶ್ನೆ: ನಾವು ಕೊಡೈಕೆನಾಲಿನಿಂದಾಚೆ ಮನ್ನವನೂರಿನ ಕಡೆ ತೋಟದ ಮನೆಯಲ್ಲಿದ್ದೇವೆ. ಡಿಸೆಂಬರ್ ಬಂದರೆ ರಾತ್ರಿ ಚಳಿ ತಡೆಯಲಾಗದು. ಒಲೆಯ ಕೆಂಡವನ್ನು ಕಬ್ಬಿಣದ ಬಾಣಲೆಗೆ ತುಂಬಿ ಅವ್ವ ಮಲಗುವ ಕೋಣೆಯಲ್ಲಿ ಇಡುತ್ತೇವೆ. ಹೊಗೆ ಪೂರ್ತಿ ಹೋದ ಮೇಲೆಯೇ ಒಳಗೆ ತರುವುದು. ಹದಿನೈದು ದಿನದಿಂದ ಅವ್ವನಿಗೂ ಜೊತೆಯಲ್ಲಿ ಮಲಗುವ ನನ್ನ ಮಗಳಿಗೂ ಬೆಳಗ್ಗೆ ಎದ್ದಾಗ ತಲೆನೋವು, ಹೊಟ್ಟೆ ತೊಳೆಸುವುದು. ಅಂಗಳದ ಬಿಸಿಲಿಗೆ ಬಂದು ಕೂತರೆ ಒಂದೆರಡು ತಾಸಿನಲ್ಲಿ ಸರಿಹೋಗುತ್ತದೆ. ಪಿತ್ತ ಇರಬಹುದೇ?

ಉತ್ತರ: ಪಿತ್ತವಲ್ಲ. ಇದನ್ನು ಓದಿದ ರಾತ್ರಿಯಿಂದಲೇ ಆ ಬಾಣಲೆಯನ್ನು ಕೋಣೆಗೆ ತರಬೇಡಿ.

ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರಿಗೂ ಒಂದೇ ತೊಂದರೆ. ನೀವು ಬರೆದದ್ದರಲ್ಲಿ ಜ್ವರದ ಮಾತಿಲ್ಲ. ಹೊರಗಿನ ಗಾಳಿಗೆ ಬಂದರೆ ಗುಣ. ಈ ಮೂರೂ ಸೇರಿದರೆ ನಾನು ಮೊದಲು ಶಂಕಿಸುವುದು ಕಾರ್ಬನ್ ಮಾನಾಕ್ಸೈಡ್ ಅನಿಲದ ವಿಷ. ಸೌದೆಗಾಗಲಿ ಇದ್ದಿಲಿಗಾಗಲಿ ಬೇಕಾದಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಭಯ ತಂದದ್ದು "ಹೊಗೆ ಪೂರ್ತಿ ಹೋದ ಮೇಲೆಯೇ" ಎಂಬ ಮಾತು. ಮನೆಯವರ ಕಾಳಜಿ ಅದರಲ್ಲಿ ಕಾಣುತ್ತದೆ, ಆದರೆ ತಪ್ಪಿರುವುದೂ ಅಲ್ಲೇ. ಹೊಗೆಯಿದ್ದರೆ ನಿದ್ದೆಯಲ್ಲೂ ಕೆಮ್ಮಿ ಎದ್ದು ಬಾಗಿಲು ತೆರೆಯುತ್ತೇವೆ. ಹೊಗೆಯಿಲ್ಲದೆ ಕೆಂಪಗೆ ಕಾಣುವ ಕೆಂಡ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ.

ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಬರಿಯ ಗಾಳಿ ಉಸಿರಾಡಿಕೊಂಡು ಅದರಲ್ಲಿ ಅರ್ಧ ಕಳೆಯುವುದಕ್ಕೇ ನಾಲ್ಕೈದು ತಾಸು ಬೇಕು. ಕೊಡೈಕೆನಾಲಿನ ಎತ್ತರ ಸುಮಾರು 2,100 ಮೀಟರ್. ಅಲ್ಲಿನ ಗಾಳಿಯಲ್ಲಿ ನಮಗೆ ದಕ್ಕುವ ಆಮ್ಲಜನಕ ಕಡಲತೀರಕ್ಕಿಂತ ಐದರಲ್ಲೊಂದು ಪಾಲು ಕಡಿಮೆಯೇ. ಅದರ ಮೇಲೆ ಈ ವಿಷವೂ ಸೇರಿದರೆ ವಯಸ್ಸಾದವರ ಹೃದಯಕ್ಕೂ ಮಕ್ಕಳ ಮಿದುಳಿಗೂ ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

2024ರ ಆಗಸ್ಟ್‌ನಲ್ಲಿ ಕೊಡೈಕೆನಾಲಿಗೆ ಪ್ರವಾಸ ಬಂದಿದ್ದ ಗೆಳೆಯರ ಗುಂಪಿನಲ್ಲಿ ಇಬ್ಬರು ಯುವಕರು ಮಲಗಿದ್ದಲ್ಲೇ ತೀರಿಕೊಂಡರು. ಮಾಂಸ ಸುಡಲು ಹೊತ್ತಿಸಿದ್ದ ಇದ್ದಿಲ ಒಲೆ ಕೋಣೆಯೊಳಗೇ ಉಳಿದಿತ್ತು. ಗಟ್ಟಿಮುಟ್ಟಾದ ಹುಡುಗರ ಪಾಡೇ ಹೀಗಾದರೆ ನಿಮ್ಮ ಅವ್ವ ಮತ್ತು ಮಗಳ ಬೆಳಗಿನ ತಲೆನೋವನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ.

ಕೆಲವರು ಕೋಣೆಯಲ್ಲಿ ಒಂದು ಬೋಗುಣಿ ನೀರಿಟ್ಟರೆ ವಿಷ ಎಳೆದುಕೊಳ್ಳುತ್ತದೆ ಎನ್ನುತ್ತಾರೆ. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಅಲ್ಪ. ಕೆಟ್ಟ ಗಾಳಿ ನೆಲದಲ್ಲಿ ನಿಲ್ಲುತ್ತದೆ, ಮಂಚದ ಮೇಲೆ ಮಲಗಿದರೆ ಸಾಕು ಎನ್ನುವವರೂ ಇದ್ದಾರೆ. ಇದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಕೋಣೆಯ ಉದ್ದಗಲಕ್ಕೂ ಬೆರೆಯುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದಿಡುತ್ತೇವೆ ಎಂಬ ಸಮಾಧಾನವನ್ನೂ ನಾನು ಒಪ್ಪುವುದಿಲ್ಲ. ಬಾಣಲೆಗೆ ಹೊಗೆಗೊಳವೆ ಇಲ್ಲವಲ್ಲ!

ಇಬ್ಬರನ್ನೂ ಒಮ್ಮೆ ಆಸ್ಪತ್ರೆಗೆ ಕರೆದೊಯ್ಯಿರಿ, ಕೋಣೆಯಲ್ಲಿ ಕೆಂಡ ಇಡುತ್ತಿದ್ದ ಸಂಗತಿಯನ್ನು ನೀವಾಗಿಯೇ ಹೇಳಿ. ಹೇಳದಿದ್ದರೆ ವೈದ್ಯರಿಗೂ ಹೊಳೆಯದೆ ಹೋಗಬಹುದು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಬಹುದು. ಯಾರಾದರೂ ತೊದಲುತ್ತಿದ್ದರೆ, ಎಬ್ಬಿಸಿದರೆ ಏಳದಿದ್ದರೆ, ಮೊದಲು ಬಾಗಿಲು ಕಿಟಕಿ ತೆರೆದು ಅವರನ್ನು ಹೊರಗೆ ತನ್ನಿ, ಆಮೇಲೆ 108ಕ್ಕೆ ಕರೆ ಮಾಡಿ. ಮಜ್ಜಿಗೆ, ನಿಂಬೆಹಣ್ಣು ಎಂದು ಹೊತ್ತು ಕಳೆಯಬೇಡಿ. ಬೇಕಾದದ್ದು ಮಾಸ್ಕ್ ಮೂಲಕ ಕೊಡುವ ಶುದ್ಧ ಆಮ್ಲಜನಕ. ಅದು ಸಿಕ್ಕರೆ ವಿಷದ ಅರ್ಧ ಸುಮಾರು ಒಂದು, ಒಂದೂವರೆ ತಾಸಿನಲ್ಲೇ ಹೋಗುತ್ತದೆ. ಹೀಗೆ ಪ್ರಜ್ಞೆ ತಪ್ಪಿ ಚೇತರಿಸಿಕೊಂಡವರಲ್ಲಿ ಕೆಲವರಿಗೆ ದಿನಗಳ ಅಥವಾ ವಾರಗಳ ಮೇಲೆ ಮರೆವು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಮನೆಗೆ ಬಂದ ಮೇಲೂ ಒಂದೂವರೆ ತಿಂಗಳು ಅವರ ಮೇಲೆ ಕಣ್ಣಿಡಿ.

ಚಳಿಗೆ ಏನು ಮಾಡುವುದು? ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಾಲ ಬಳಿ ಇಡಿ. ಹಾಸಿಗೆಯ ಅಡಿಗೆ ಇನ್ನೊಂದು ಕಂಬಳಿ ಹಾಸಿ. ತಣ್ಣನೆಯ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ ಹೊದೆಯುವಷ್ಟೇ ಹಾಸುವುದೂ ಮುಖ್ಯ. ತಲೆಗೆ ಉಣ್ಣೆಟೋಪಿ, ಕಾಲಿಗೆ ಚೀಲ.

ಪ್ರಶ್ನೆ: ಕೋಣೆಯಲ್ಲಿ ಇದ್ದಿಲು ಉರಿಸಿದ ರಾತ್ರಿ ಅಪ್ಪನಿಗೆ ತಲೆ ಸುತ್ತಿತು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿದೆವು, 98 ತೋರಿಸಿತು. ಹಾಗಾದರೆ ಗಾಬರಿಯಿಲ್ಲ ತಾನೆ?

ಉತ್ತರ: ಗಾಬರಿ ಇದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ರಕ್ತದ ಬಣ್ಣ ನೋಡಿ ಲೆಕ್ಕ ಹೇಳುವ ಯಂತ್ರ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಕೆಂಪಾಗಿಯೇ ಇರುವುದರಿಂದ ಅದನ್ನೂ ಆಮ್ಲಜನಕವೆಂದೇ ಎಣಿಸಿಬಿಡುತ್ತದೆ. ಸಾಯುವ ಸ್ಥಿತಿಯಲ್ಲಿರುವವರಲ್ಲೂ 98 ತೋರಿಸಬಹುದು. ಖಚಿತವಾಗಿ ತಿಳಿಯಲು ಆಸ್ಪತ್ರೆಯಲ್ಲಿ ರಕ್ತ ತೆಗೆದು ಬೇರೆ ಯಂತ್ರದಲ್ಲಿ ಅಳೆಯಬೇಕು. ಅದರ ಫಲಿತಾಂಶಕ್ಕೂ ಕಾಯದೆ ಆಮ್ಲಜನಕ ಆರಂಭಿಸುವುದು ಸರಿಯಾದ ಕ್ರಮ.

ಪ್ರಶ್ನೆ: ನಮ್ಮದು ಕಂಬಂ ಹತ್ತಿರದ ಹಳ್ಳಿ. ಅವ್ವನಿಗೆ 58. ಬೀಡಿ, ಎಲೆಅಡಿಕೆ ಯಾವ ಚಟವೂ ಇಲ್ಲ. ಎರಡು ವರ್ಷದಿಂದ ಕೆಮ್ಮು, ಕಫ. ಈಗ ತೋಟದ ಏರಿ ಹತ್ತಿದರೆ ಏದುಸಿರು. ಮನೆಗೆ ಗ್ಯಾಸ್ ಬಂದಿದೆ. ಆದರೂ ಅನ್ನ, ದನದ ಹುರುಳಿ, ಸ್ನಾನದ ನೀರು ಎಲ್ಲ ಸೌದೆಯ ಮೇಲೇ. ತೆಂಗಿನ ಮಟ್ಟೆ, ಗರಿ, ದ್ರಾಕ್ಷಿ ತೋಟದಲ್ಲಿ ಸವರಿದ ಕಡ್ಡಿ ಬೇಕಾದಷ್ಟಿದೆ. ವಯಸ್ಸಾದ್ದರಿಂದ ಹೀಗೆ ಎಂದು ಅವ್ವ ಹೇಳುತ್ತಾರೆ.

ಉತ್ತರ: 58 ಏದುಸಿರು ಬಿಡುವ ವಯಸ್ಸಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ. ಕ್ಷಯ ಅಲ್ಲ ಎಂಬುದು ಖಾತ್ರಿಯಾಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಜೋರಾಗಿ ಊದಿಸಿ ಶ್ವಾಸನಾಳ ಎಷ್ಟು ಕಿರಿದಾಗಿದೆ ಎಂದು ಅಳೆಯುವ ಪರೀಕ್ಷೆ. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಶ್ವಾಸಕೋಶದ ವೈದ್ಯರನ್ನು ಕಾಣಿ. ಹೃದಯದ ತೊಂದರೆಯೂ ಏದುಸಿರು ತರುವುದರಿಂದ ಇಸಿಜಿ ಒಂದು ಇರಲಿ.

ನನ್ನ ಅನುಮಾನ ಶ್ವಾಸನಾಳ ಕಿರಿದಾಗುತ್ತ ಹೋಗುವ ಸಿಒಪಿಡಿ ಎಂಬ ಕಾಯಿಲೆಯ ಮೇಲಿದೆ. ಬೀಡಿ ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂದೇ ಇದು ಹೆಸರಾಗಿತ್ತು. ಮೈಸೂರು ಸುತ್ತಲಿನ ಹಳ್ಳಿಗಳ ಹೆಂಗಸರಲ್ಲಿ ನಡೆದ ಅಧ್ಯಯನವೊಂದು ಒಲೆಯ ಲೆಕ್ಕವನ್ನು ಸರಳವಾಗಿ ಇಟ್ಟಿತು. ದಿನಕ್ಕೆ ಒಲೆಯ ಮುಂದೆ ಕಳೆದ ತಾಸುಗಳನ್ನು ವರ್ಷಗಳಿಂದ ಗುಣಿಸಿ. ಬಂದ ಸಂಖ್ಯೆ 60 ದಾಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಸ್ಪಷ್ಟವಾಗಿ ಕಾಣಿಸಿಕೊಂಡಿತ್ತು. ನಿಮ್ಮ ಅವ್ವ ದಿನಕ್ಕೆ ನಾಲ್ಕು ತಾಸಿನಂತೆ 35 ವರ್ಷ ಒಲೆ ಹೊತ್ತಿಸಿದ್ದಾರೆ ಎಂದಿಟ್ಟುಕೊಂಡರೆ ಅವರ ಲೆಕ್ಕ 140. ಊದುಗೊಳವೆ ಹಿಡಿದು ಬಗ್ಗಿ ಊದುವಾಗ ಮುಖ ಬೆಂಕಿಯ ಎದುರಿಗೇ ಇರುತ್ತದೆ. ಊದಿದ ಪ್ರತಿ ಉಸಿರಿನ ಬೆನ್ನಿಗೇ ಒಳಗೆಳೆದುಕೊಳ್ಳುವ ಉಸಿರೂ ಅಲ್ಲಿಂದಲೇ ಬರಬೇಕು. ಒಂದು ತಲೆಮಾರಿನ ತಾಯಂದಿರು ಸಿಗರೇಟು ಮುಟ್ಟದೆಯೇ ಸೇದಿದವರ ಶ್ವಾಸಕೋಶ ಹೊತ್ತುಕೊಂಡು ನನ್ನ ಮುಂದೆ ಕೂರುತ್ತಾರೆ. ಅವರಲ್ಲಿ ಹೆಚ್ಚಿನವರು ಹೇಳುವುದೂ ಇದನ್ನೇ, "ವಯಸ್ಸಾಯಿತಲ್ಲ ಡಾಕ್ಟ್ರೇ."

ಹಾಳಾದ ಭಾಗ ಪೂರ್ತಿ ಮೊದಲಿನಂತಾಗದು. ಆದರೆ ಹೊಗೆ ನಿಂತರೆ ಇನ್ನಷ್ಟು ಹಾಳಾಗುವುದು ನಿಧಾನವಾಗುತ್ತದೆ, ಇನ್‌ಹೇಲರ್‌ನಿಂದ ಏದುಸಿರು ತಗ್ಗುತ್ತದೆ. ಇನ್‌ಹೇಲರ್ ಚಟವಾಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕು. ಫ್ಲೂ ಮತ್ತು ನ್ಯೂಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಸೌದೆ ಹಿತ್ತಲಲ್ಲಿ ಬಿಟ್ಟಿ ಬಿದ್ದಿರುವಾಗ ಸಿಲಿಂಡರಿಗೆ ಹಣ ಕೊಡಲು ಮನಸ್ಸು ಬಾರದು, ಅದು ನನಗೆ ಅರ್ಥವಾಗುತ್ತದೆ. ಹಾಗಾದರೆ ಹೀಗೆ ಮಾಡಿ. ಮನೆಯೊಳಗಿನ ಅಡುಗೆ ಎಲ್ಲ ಗ್ಯಾಸಿನ ಮೇಲೆ ಆಗಲಿ. ಹಂಡೆ ಒಲೆ ಮತ್ತು ಹುರುಳಿಯ ಒಲೆ ಹೊರಗೆ, ಗೋಡೆಯಿಲ್ಲದ ಮಾಡಿನ ಕೆಳಗೆ ಹೋಗಲಿ. ಬೆಂಕಿ ನೋಡಿಕೊಳ್ಳುವ ಕೆಲಸ ಅವ್ವನಿಂದ ಮನೆಯ ಗಂಡಸರಿಗೆ ದಾಟಲಿ. ಒಳಗೇ ಸೌದೆ ಒಲೆ ಬೇಕೇಬೇಕಾದರೆ ಹೊಗೆಗೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳ ಹಿರಿಯರು ಬಲ್ಲರು. ಮೂರು ಪಾತ್ರೆ ಇಡಬಹುದು, ಸೌದೆ ಕಡಿಮೆ ಬೇಕು, ಹೊಗೆ ಮಾಡಿನ ಮೇಲೆ ಹೋಗುತ್ತದೆ. ಆದರೆ ಕೊಳವೆಯನ್ನು ಗುಡಿಸದೆ ಬಿಟ್ಟರೆ ಮಸಿ ಕಟ್ಟಿ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ. ಒಲೆ ಕಟ್ಟಿಸುವಾಗಲೇ ಕೊಳವೆ ಗುಡಿಸುವವರು ಯಾರೆಂಬುದೂ ತೀರ್ಮಾನವಾಗಿರಲಿ.

ಪ್ರಶ್ನೆ: ನಾನು ಗಡಿಯಾಚೆ ಕೇರಳದ ವಂಡನ್‌ಮೇಡು ಕಡೆಯ ಏಲಕ್ಕಿ ತೋಟದಲ್ಲಿ ಕೆಲಸಕ್ಕಿದ್ದೇನೆ. ಕಾಯಿ ಒಣಗಿಸುವ ಮನೆಯ ಒಲೆಗೆ ರಾತ್ರಿಯೆಲ್ಲ ಸೌದೆ ಹಾಕಬೇಕು. ಬೆಚ್ಚಗಿರುತ್ತದೆಂದು ಅಲ್ಲೇ ಮೂಲೆಯಲ್ಲಿ ಮಲಗುತ್ತೇವೆ.

ಉತ್ತರ: ಅಲ್ಲಿ ಮಲಗಬೇಡಿ. ಏಲಕ್ಕಿಯ ಹಸಿರು ಬಣ್ಣ ಉಳಿಯಲು ಶಾಖ 45ರಿಂದ 55 ಡಿಗ್ರಿಯಲ್ಲಿ ಹದವಾಗಿ, ತಾಸುಗಟ್ಟಲೆ ನಿಲ್ಲಬೇಕು. ಅದಕ್ಕೆಂದೇ ಒಲೆಯ ಗಾಳಿ ಕಿರಿದು ಮಾಡಿ ನಿಧಾನ ಉರಿಸುತ್ತೀರಿ. ನಿಧಾನದ ಉರಿಯಲ್ಲೇ ಈ ವಿಷಾನಿಲ ಹೆಚ್ಚು ಹುಟ್ಟುವುದು. ಕಬ್ಬಿಣದ ಕೊಳವೆಯಲ್ಲಿ ಒಂದು ಬಿರುಕಿದ್ದರೂ ಅದು ನಿಮ್ಮ ಮೂಲೆಗೆ ಬರುತ್ತದೆ. ಇಬ್ಬರು ಪಾಳಿ ಹಾಕಿಕೊಂಡು, ಮಲಗುವವರು ಬೇರೆ ಕೋಣೆಯಲ್ಲಿ ಮಲಗಿ. ಆ ಕೋಣೆ ಕೊಡಿಸುವುದು ತೋಟದ ಮಾಲೀಕರ ಹೊಣೆ. ಈ ಅಂಕಣ ಓದುವ ಮಾಲೀಕರಿದ್ದರೆ ಇದನ್ನು ನನ್ನ ಬೇಡಿಕೆ ಎಂದೇ ಭಾವಿಸಲಿ.

ಪ್ರಶ್ನೆ: ಚಿನ್ನಾಳಪಟ್ಟಿಯ ನೇಕಾರರ ಮನೆ ನಮ್ಮದು. ಹೆರಿಗೆಯಾಗಿ ಹನ್ನೆರಡು ದಿನ. ಅತ್ತೆಯವರು ಬಾಣಂತಿ ಕೋಣೆಯ ಬಾಗಿಲು ಮುಚ್ಚಿಸಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡಿಸುತ್ತಾರೆ. ಮಗುವಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ. ಬೇಡ ಎಂದರೆ ನೊಂದುಕೊಳ್ಳುತ್ತಾರೆ. ನಾನೇನು ಮಾಡಲಿ?

ಉತ್ತರ: ಅತ್ತೆಯವರಿಗೆ ಈ ಉತ್ತರವನ್ನೇ ಓದಿ ಹೇಳಮ್ಮ. ಅವರು ಬಯಸುವುದು ಸರಿಯಾಗಿಯೇ ಇದೆ, ತಾಯಿ ಮಗು ಬೆಚ್ಚಗಿರಬೇಕು. ದಾರಿ ಬದಲಾಯಿಸೋಣ. ಹಸುಗೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ. ಅದರ ಶ್ವಾಸನಾಳ ಬಹಳ ಸಣ್ಣದು. ಸ್ವಲ್ಪ ಊದಿಕೊಂಡರೂ ಗಾಳಿಗೆ ದಾರಿ ಸಾಲದು. ಸೌದೆ ಹೊಗೆಯಲ್ಲಿ ಬೆಳೆಯುವ ಎಳೆಯ ಮಕ್ಕಳಿಗೆ ನ್ಯೂಮೋನಿಯಾ ಅಪಾಯ ಹೆಚ್ಚೆಂಬುದು ಸಂದೇಹವಿಲ್ಲದ ವಿಷಯ. ಸಾಂಬ್ರಾಣಿ ಪರಿಮಳದ್ದಾದರೂ ಮಗುವಿನ ಎದೆಗೆ ಅದೂ ಹೊಗೆಯೇ. ಇನ್ನು ಮಂಚದ ಕೆಳಗಿನ ಕೆಂಡ. ಮುಚ್ಚಿದ ಕೋಣೆ, ದಿನವಿಡೀ ಅಲ್ಲೇ ಇರುವ ಇಬ್ಬರು. ಮೊದಲ ಪತ್ರದ ಉತ್ತರ ಇಲ್ಲಿಗೂ ಅಕ್ಷರಶಃ ಹೊಂದುತ್ತದೆ.

ಮಗುವನ್ನು ನಿಮ್ಮ ಬರಿಯ ಎದೆಗೆ ಒರಗಿಸಿಕೊಂಡು ಮೇಲೆ ಹೊದೆಯಿರಿ. ಕಡಿಮೆ ತೂಕದ ಮಕ್ಕಳಿಗೆ ಆಸ್ಪತ್ರೆಗಳಲ್ಲೇ ಕೊಡುವ ಆರೈಕೆ ಇದು. ಮಗುವಿನ ಬಟ್ಟೆ ಬಿಸಿಲಲ್ಲಿ ಕಾಯಲಿ, ತಲೆಯನ್ನು ಒಣ ಬಟ್ಟೆಯಿಂದ ಒರೆಸಿ ಕುಲಾವಿ ಹಾಕಿ. ಎಣ್ಣೆ ತಿಕ್ಕುವುದು, ಬಿಸಿನೀರು ಹೊಯ್ಯುವುದು, ಇವೆಲ್ಲ ಅತ್ತೆಯವರ ಕೈಯಲ್ಲೇ ನಡೆಯಲಿ. ಸಾಂಬ್ರಾಣಿಯನ್ನು ಸಂಜೆ ದೇವರ ಮನೆಯಲ್ಲಿ ಹಾಕಲಿ.

ಪ್ರಶ್ನೆ: ಕೊಡೈಕೆನಾಲಿನಲ್ಲಿ ಸಣ್ಣ ಹೋಮ್‌ಸ್ಟೇ ನಡೆಸುತ್ತೇನೆ. ಅತಿಥಿಗಳು ಕೋಣೆಯಲ್ಲಿ ಬೆಂಕಿ ಬೇಕೆನ್ನುತ್ತಾರೆ. ಹಳೆಯ ಬಂಗಲೆಗಳಂತೆ ಒಲೆ ಹಾಕಿಸಬಹುದೇ?

ಉತ್ತರ: ಕೂರುವ ಹಜಾರದಲ್ಲಿ ಹಾಕಿಸಿ, ಮಲಗುವ ಕೋಣೆಯಲ್ಲಿ ಬೇಡ. ತೆರೆದ ಗೂಡಿನ ಒಲೆಗಿಂತ ಬಾಗಿಲಿರುವ ಕಬ್ಬಿಣದ ಒಲೆ ಮೇಲು. ಹೊಗೆಗೊಳವೆ ಮಾಡನ್ನು ದಾಟುವ ಜಾಗದಿಂದ ಕನಿಷ್ಠ ಮೂರು ಅಡಿ ಮೇಲೇಳಬೇಕು. ಹತ್ತು ಅಡಿಯೊಳಗೆ ಮಾಡಿನ ಎತ್ತರದ ಭಾಗವಿದ್ದರೆ ಅದಕ್ಕಿಂತಲೂ ಎರಡು ಅಡಿ ಎತ್ತರವಿರಲಿ. ಇಲ್ಲದಿದ್ದರೆ ಬೆಟ್ಟದ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಉರಿಸಿದರೆ ಶಾಖಕ್ಕಿಂತ ಹೊಗೆಯೇ ಹೆಚ್ಚು, ಕೊಳವೆಯಲ್ಲಿ ಬೆಂಕಿ ಹೊತ್ತಿಕೊಳ್ಳುವಂಥ ಜಿಡ್ಡು ಮಸಿ ಕಟ್ಟುತ್ತದೆ. ಕೊಡೈಕೆನಾಲಿನ ಮಂಜಿನಲ್ಲಿ ಸೌದೆ ತಾನಾಗಿ ಒಣಗುವುದಿಲ್ಲ. ಸೀಳಿ, ಮಾಡಿನ ಕೆಳಗೆ ನೆಲಕ್ಕೆ ತಾಗದಂತೆ ಪೇರಿಸಿ, ಒಂದು ವರ್ಷ ಗಾಳಿಯಾಡಲು ಬಿಡಿ. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಎಂದೂ ಹಾಕಬೇಡಿ. ಒಳಗೆ ಕೆಂಡವಿರುವಾಗ ಕೊಳವೆಯ ಮುಚ್ಚಳ ಹಾಕಬೇಡಿ. ವರ್ಷಕ್ಕೊಮ್ಮೆಯಾದರೂ ಕೊಳವೆ ಗುಡಿಸಿ.

ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡಿ ಕೂಗುವ ಸಣ್ಣ ಅಲಾರಂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹಜಾರಕ್ಕೊಂದು, ಪ್ರತಿ ಮಲಗುವ ಕೋಣೆಗೊಂದು ಹಾಕಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಹೊರಗೆ ಇದ್ದಿಲಲ್ಲಿ ಮಾಂಸ ಸುಡಲು ಬಿಟ್ಟರೆ ರಾತ್ರಿ ಆ ಒಲೆಗಳನ್ನು ನಿಮ್ಮ ಕೆಲಸದವರೇ ನೀರು ಹೊಯ್ದು ಆರಿಸಿ, ಎಣಿಸಿ ಎತ್ತಿಡಲಿ. ಅಗ್ಗಿಷ್ಟಿಕೆಯನ್ನು ಕೋಣೆಗೆ ಕಳಿಸಿ ಎಂದು ಅತಿಥಿ ಎಷ್ಟು ಕೇಳಿದರೂ ಕೊಡಬೇಡಿ. ಇನ್ನೊಂದು ಕಂಬಳಿ ಕೊಡಿ.