ನಿಲ್ಲುವ ವಿದ್ಯೆ

ಸೈಕಲ್ ಸವಾರಿ ಬಲ್ಲೆವೆಂದು ಹೇಳುವವರೆಲ್ಲರೂ ಅದನ್ನು ಓಡಿಸಲು ಕಲಿತಿರುತ್ತಾರೆ. ನಿಲ್ಲಿಸಲು ಕಲಿತವರು ಕಡಿಮೆ. ನಾನೂ ಬಹುಕಾಲ ಮೊದಲನೆಯ ಗುಂಪಿಗೇ ಸೇರಿದ್ದೆ.

ಹಳ್ಳಿಯಲ್ಲಿ, ಗಂಟೆಗಿಷ್ಟೆಂದು ಬಾಡಿಗೆ ತೆತ್ತು ತಂದ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ತುಳಿಯುತ್ತ ಸವಾರಿ ಕಲಿತವನು ನಾನು. ಅಲ್ಲಿ ನಡುದಾರಿಯಲ್ಲಿ ನಿಲ್ಲಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಬಂದರೆ ಒಂದು ಮೈಲಿಗಲ್ಲು ಕಾಲಿಗೆ ಆಸರೆಯಾಗುತ್ತಿತ್ತು. 1984ರಲ್ಲಿ ಉಪಾಧ್ಯಾಯನಾಗಿ ಮೈಸೂರಿಗೆ ಬಂದಾಗ ನನ್ನ ವಿದ್ಯೆಯ ಕೊರತೆ ಬಯಲಾಯಿತು. ಒಂದು ಬೆಳಿಗ್ಗೆ ಕೃಷ್ಣರಾಜ ವೃತ್ತದ ಬಳಿ ಪೋಲೀಸಿನವರು ಕೈ ಅಡ್ಡ ಹಿಡಿದರು. ಗಾಬರಿಯಿಂದ ಮುಂದಿನ ಬ್ರೇಕನ್ನು ಬಲವಾಗಿ ಒತ್ತಿ, ಸೀಟಿನ ಮೇಲೆ ಕುಳಿತಂತೆಯೇ ಕಾಲನ್ನು ಚಾಚಿದೆ. ನೆಲ ಸಿಗಲಿಲ್ಲ. ಸೈಕಲ್ಲಿನೊಡನೆ ಬಲಕ್ಕೆ ಉರುಳಿದೆ. ಹಿಂದಿನಿಂದ ಬಂದ ಬಸ್ಸು ಮಾರು ದೂರದಲ್ಲಿ ನಿಂತಿತು. ಕ್ಯಾರಿಯರಿನಲ್ಲಿದ್ದ ಮಕ್ಕಳ ಉತ್ತರಪತ್ರಿಕೆಗಳು ರಸ್ತೆಯ ತುಂಬ ಚೆದರಿದವು. ಹೂ ಮಾರುವ ತಾಯಿಯೊಬ್ಬರು ಬುಟ್ಟಿಯಿಳಿಸಿ ಅವನ್ನು ಆಯ್ದುಕೊಟ್ಟರು.

ಅಂದಿನಿಂದ ವೃತ್ತ ಕಂಡರೆ ಸಾಕು, ಇಳಿದು ತಳ್ಳಿಕೊಂಡು ಹೋಗತೊಡಗಿದೆ. ಕೇಳಿದವರಿಗೆ ಚೈನು ಸಡಿಲವಾಗಿದೆಯೆಂದು ಹೇಳುತ್ತಿದ್ದೆ. ನಮ್ಮ ಶಾಲೆಯ ಹಿರಿಯ ಜವಾನರಿಗೆ ಮಾತ್ರ ಈ ನೆಪ ತಿಳಿಯಿತು. “ಮೇಷ್ಟ್ರೇ, ಚೈನು ಸರಿಯಾಗಿದೆ. ತಮಗೆ ಓಡಿಸುವುದು ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಸಂಜೆ ಮೈದಾನಕ್ಕೆ ಬನ್ನಿ” ಎಂದರು. ಎಂ.ಎ. ಓದಿದವನಿಗೆ ಜವಾನರಿಂದ ಪಾಠವೇ ಎಂಬ ಅಹಂಕಾರ ಒಂದು ಕ್ಷಣ ತಲೆಯೆತ್ತಿತು. ಮೊಣಕಾಲಿನ ಗಾಯ ಅದನ್ನು ಅಡಗಿಸಿತು.

ಮೈದಾನದಲ್ಲಿ ಅವರು ಸುಣ್ಣದ ಗೆರೆಯೊಂದನ್ನು ಎಳೆದರು. ಗೆರೆಗೆ ಬಹಳ ಮುಂಚೆಯೇ ತುಳಿಯುವುದನ್ನು ಬಿಡಬೇಕು. ಎರಡು ಬ್ರೇಕುಗಳನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಮುಂದಿನದೊಂದನ್ನೇ ಥಟ್ಟನೆ ಒತ್ತಿದರೆ ಮೈಯ ಭಾರವೆಲ್ಲ ಮುಂದಕ್ಕೆ ನುಗ್ಗಿ ಹಿಂದಿನ ಚಕ್ರ ಮೇಲೇಳುತ್ತದೆ. ವೇಗ ತಗ್ಗಿದಾಗ ಬಲಗಾಲನ್ನು ಕೆಳಗಿನ ಪೆಡಲಿನ ಮೇಲೆ ಊರಿ, ಸೀಟಿನಿಂದ ಎದ್ದು ಮುಂದಕ್ಕೆ ಜಾರಬೇಕು. ಸೈಕಲ್ಲನ್ನು ತುಸು ಎಡಕ್ಕೆ ವಾಲಿಸಿದರೆ ಎಡಗಾಲಿಗೆ ನೆಲ ತಾನಾಗಿ ಸಿಗುತ್ತದೆ. ನಮ್ಮ ದೇಶದಲ್ಲಿ ಸಂಚಾರ ಎಡಬದಿಯದು. ಎಡಕ್ಕೆ ಒರಗಿದವನು ರಸ್ತೆಯ ಅಂಚಿಗೆ ಒರಗುತ್ತಾನೆ, ಬಲಕ್ಕೆ ಬಿದ್ದವನು ವಾಹನಗಳ ದಾರಿಗೇ ಬೀಳುತ್ತಾನೆ.

ಹೊರಡುವ ಸಿದ್ಧತೆ ನಿಂತ ಕ್ಷಣದಲ್ಲೇ ಆರಂಭವಾಗಬೇಕು. ಬ್ರೇಕು ಹಿಡಿದಂತೆಯೇ ಬಲಪಾದದಿಂದ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಮುಂಭಾಗದಲ್ಲಿ ಮೇಲಕ್ಕೆ ತಂದಿಟ್ಟುಕೊಳ್ಳಬೇಕು. ದಾರಿ ತೆರವಾದಾಗ ಬಲಭುಜದ ಮೇಲಿಂದ ಹಿಂದಿರುಗಿ ನೋಡಿ, ಬ್ರೇಕು ಬಿಟ್ಟು, ಪೆಡಲನ್ನು ದೃಢವಾಗಿ ತುಳಿಯಬೇಕು. ಆ ಒಂದು ತುಳಿತವೇ ದೇಹವನ್ನು ಸೀಟಿಗೆ ಏರಿಸುತ್ತದೆ. ಅಳುಕಿ ತುಳಿದರೆ ವೇಗ ಸಾಲದು. ವೇಗ ಸಾಲದಿದ್ದರೆ ಹ್ಯಾಂಡಲ್ ತೂರಾಡುತ್ತದೆ. ದೃಷ್ಟಿ ಚಕ್ರದ ಮೇಲಲ್ಲ, ಹೋಗುವ ದಾರಿಯ ಮೇಲಿರಬೇಕು. ಬಸ್ಸು ಲಾರಿಗಳ ಎಡಮಗ್ಗುಲಲ್ಲಿ ಎಂದೂ ನುಸುಳಿ ನಿಲ್ಲಬಾರದು. ಅಲ್ಲಿರುವವನು ಚಾಲಕನಿಗೆ ಕಾಣಿಸುವುದಿಲ್ಲ.

ಕಾಲಿಗೆ ನೆಲ ಸಿಗುವುದು ಎಷ್ಟು ದೊಡ್ಡ ವಿಷಯವೆಂಬುದನ್ನು ಸೈಕಲ್ಲಿನ ಇತಿಹಾಸವೇ ಹೇಳುತ್ತದೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿಗೆ ಪೆಡಲುಗಳಿರಲಿಲ್ಲ. ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗುತ್ತಿದ್ದನು. 1870ರ ದಶಕದ ಸೈಕಲ್ಲುಗಳ ಮುಂದಿನ ಚಕ್ರ ಆಳೆತ್ತರಕ್ಕೆ ಬೆಳೆಯಿತು. ಅದು ವೇಗವಾಗಿ ಓಡಿತು. ಆದರೆ ಸವಾರನ ಕಾಲಿಗೆ ನೆಲ ಎಟುಕಲಿಲ್ಲ, ಬಿದ್ದವರು ತಲೆಕೆಳಗಾಗಿ ಬಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಚಕ್ರಗಳನ್ನು ತಗ್ಗಿಸಿ, ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ ‘ರೋವರ್’ ಸೈಕಲ್ಲನ್ನು ಹೊರತಂದನು. ಜನ ಅಂತಹ ಸೈಕಲ್ಲನ್ನು ‘ಸುರಕ್ಷಿತ ಸೈಕಲ್’ ಎಂದೇ ಕರೆದರು.

ಮೈದಾನದ ಗೆರೆಯಿಂದ ನಿರ್ಜನವಾದ ಬೀದಿಗೆ, ಬೀದಿಯಿಂದ ಮುಂಜಾನೆಯ ವೃತ್ತಕ್ಕೆ ನನ್ನ ಪಾಠ ಸಾಗಿತು. ಜವಾನರು ಒಂದು ದಿನವೂ “ಹೆದರಬೇಡಿ” ಎನ್ನಲಿಲ್ಲ. “ಇನ್ನೊಂದು ಸಲ” ಎಂದಷ್ಟೇ ಹೇಳಿದರು.

ಆ ದಿನಗಳಲ್ಲಿ ನನ್ನ ತರಗತಿಯ ಹುಡುಗನೊಬ್ಬನು ಗಟ್ಟಿಯಾಗಿ ಓದಲು ಎದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಅವನನ್ನು ಸೋಮಾರಿಯೆಂದು ಗದರಿಸುತ್ತಿದ್ದೆ. ಒಂದು ದಿನ ಅವನು ಪುಸ್ತಕ ಹಿಡಿದು ನಿಂತ ರೀತಿಯಲ್ಲಿ, ವೃತ್ತದ ಅಂಚಿನಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದ ನನ್ನನ್ನೇ ಕಂಡೆ. ಗದರಿಕೆ ನಾಲಿಗೆಯಲ್ಲೇ ನಿಂತಿತು. “ಒಂದೇ ವಾಕ್ಯ ಓದು. ಪೂರ್ಣವಿರಾಮ ಬಂದೊಡನೆ ನಿಲ್ಲು” ಎಂದೆ. ಓದಿದನು, ನಿಂತನು. ಮರುದಿನ ಎರಡು ವಾಕ್ಯ. ವರ್ಷದ ಕೊನೆಗೆ ಅವನು ಇಡೀ ಪಾಠವನ್ನು ಓದಿದನು.

ಧೈರ್ಯವೆಂಬುದು ಕೆಲವರಿಗೆ ಹುಟ್ಟಿನಿಂದ ಬರುವ ವರವೆಂದು ನಾನು ನಂಬಿದ್ದೆ. ಅದು ಸುಣ್ಣದ ಗೆರೆಯ ಮುಂದೆ ನೂರು ಸಲ ನಿಂತು, ನೂರು ಸಲ ಹೊರಟವನ ಕಾಲಿನಲ್ಲಿ ಬೆಳೆಯುವ ಅಭ್ಯಾಸವೆಂದು ಆ ಜವಾನರು ಕಲಿಸಿದರು.

ಅಭ್ಯಾಸ

1. ಲೇಖಕರು ವೃತ್ತದ ಬಳಿ ಬೀಳಲು ಕಾರಣವೇನು?
2. ಸೈಕಲ್ಲನ್ನು ಎಡಕ್ಕೆ ವಾಲಿಸಿ ನಿಲ್ಲಬೇಕೇಕೆ?
3. ರೋವರ್ ಸೈಕಲ್ಲಿನ ಬಗೆಯನ್ನು ‘ಸುರಕ್ಷಿತ’ವೆಂದು ಕರೆದುದು ಏಕೆ?
4. ಓದಲು ಅಂಜುತ್ತಿದ್ದ ಹುಡುಗನಿಗೂ ಲೇಖಕರಿಗೂ ಇದ್ದ ಸಾಮ್ಯವನ್ನು ವಿವರಿಸಿ.