ಹೂಂಗುಟ್ಟಿದರೆ ಒಪ್ಪಿಕೊಂಡಂತೆಯೇ?

ಪ್ರಶ್ನೆ: ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದೆ. ಹಾಡಿಯ ಜೇನುಕುರುಬರ ಮಾತು ಚಿಕ್ಕಂದಿನಿಂದಲೂ ಬರುತ್ತದೆ. ಆಸ್ಪತ್ರೆಗೆ, ಸ್ಟೇಷನ್ನಿಗೆ, ಒಂದೆರಡು ಸಲ ಕೋರ್ಟಿಗೂ ‘ನೀನೇ ಸ್ವಲ್ಪ ಹೇಳಿಬಿಡಪ್ಪ’ ಎಂದು ಕರೆದಿದ್ದಾರೆ. ಅವರು ಹೇಳಿದ್ದನ್ನಷ್ಟೇ ಹೇಳಬೇಕೋ, ನನಗೆ ಗೊತ್ತಿರುವುದನ್ನೂ ಸೇರಿಸಬಹುದೋ? ಇದಕ್ಕೆಲ್ಲ ನಿಯಮವಿದೆಯೇ?

ಉತ್ತರ: ಸೇರಿಸಬೇಡಿ, ಬಿಡಲೂಬೇಡಿ. ನಿಯಮದ ಮಾತು ಆಮೇಲೆ. ಮೊದಲು ನಿಮ್ಮ ಕೆಲಸ ಎಷ್ಟು ಕಷ್ಟದ್ದು ಅನ್ನುವುದನ್ನು ಹೇಳಬೇಕು.

ಪಿರಿಯಾಪಟ್ಟಣದ ಬೈಲಕುಪ್ಪೆಯಿಂದ ವಯಸ್ಸಾದ ಟಿಬೆಟನ್ ಅಜ್ಜಿಯೊಬ್ಬರು ಬಂದರೆ ನಡುವೆ ಒಬ್ಬರು ಬೇಕೆಂದು ಎಲ್ಲರಿಗೂ ತಿಳಿಯುತ್ತದೆ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ತಮ್ಮತಮ್ಮಲ್ಲಿ ವಾಗ್ರಿಯಲ್ಲಿ ಮಾತಾಡಿಕೊಂಡರೆ ನಮಗೆ ಒಂದಕ್ಷರವೂ ಅರ್ಥವಾಗುವುದಿಲ್ಲ, ಅದು ಗುಜರಾತಿಯ ಕಡೆಯ ನುಡಿ. ಜೇನುಕುರುಬರ ಮಾತಿನ ತೊಂದರೆಯೇ ಬೇರೆ. ಅದು ಕನ್ನಡಕ್ಕೆ ತೀರಾ ಹತ್ತಿರ. ಕೇಳಿದವರು ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧವನ್ನು ತಾವೇ ತುಂಬಿಕೊಂಡುಬಿಡುತ್ತಾರೆ. ದುಭಾಷಿ ಬೇಕೆಂದು ಯಾರಿಗೂ ಹೊಳೆಯುವುದೇ ಇಲ್ಲ.

‘ಹೂಂ’ ಅನ್ನುವುದನ್ನೇ ನೋಡಿ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವು. ರಾಜಕುಮಾರಿಯನ್ನು ರಾಕ್ಷಸ ಹೊತ್ತೊಯ್ದದ್ದಕ್ಕೆ ನಮ್ಮ ಒಪ್ಪಿಗೆಯಿತ್ತೆಂದಲ್ಲ, ಕೇಳಿಸಿಕೊಳ್ಳುತ್ತಿದ್ದೇವೆ ಎಂದು. ಕಟಕಟೆಯಲ್ಲಿ ನಿಂತವನನ್ನು ‘ಕಾಡಿಗೆ ಹೋಗಿದ್ದೆಯಾ?’ ಎಂದು ಕೇಳಿದರೆ ‘ಹೂಂ ಬುದ್ಧಿ’. ‘ಮರ ಕಡಿದೆಯಾ?’ ಎಂದರೂ ‘ಹೂಂ ಬುದ್ಧಿ’. ಎರಡನೆಯದು ಒಪ್ಪಿಗೆಯೋ, ಕೇಳಿಸಿತು ಎಂಬುದೋ, ಬರೀ ಹೆದರಿಕೆಯೋ? ನೀವು ಅದನ್ನು ‘ಹೌದಂತೆ ಸಾರ್’ ಮಾಡಿದಿರೋ, ಕೆಲಸ ಕೆಟ್ಟಿತು. ‘ಹೂಂ ಅಂದರು, ಇನ್ನೊಮ್ಮೆ ಬಿಡಿಸಿ ಕೇಳಬೇಕು’ ಎನ್ನುವ ಧೈರ್ಯ ನಿಮಗಿರಬೇಕು.

ಈಗ ಕಾನೂನು. 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ಸಾಕ್ಷಿಯಂತೆ ದುಭಾಷಿಯೂ ಪ್ರಮಾಣ ಮಾಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಕಲಮು ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ಹೇಳಬೇಕು ಅನ್ನುತ್ತದೆ. 317ನೇ ಕಲಮು ದುಭಾಷಿ ನಿಜವಾದ ಅರ್ಥವನ್ನೇ ಹೇಳಬೇಕು ಅನ್ನುತ್ತದೆ. ಅಷ್ಟಕ್ಕೇ ಮುಗಿಯಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರವಿರುವುದು ಮಕ್ಕಳ ಪ್ರಕರಣಗಳಿಗಾಗಿ ಮಾಡಿದ 2020ರ ಪೋಕ್ಸೊ ನಿಯಮಗಳಲ್ಲಿ: ದುಭಾಷಿ ಯಾರ ಪಕ್ಷವೂ ಆಗಿರಕೂಡದು, ಯಾರೊಂದಿಗಾದರೂ ಹಿತಾಸಕ್ತಿಯ ನಂಟಿದ್ದರೆ ಮೊದಲೇ ಹೇಳಬೇಕು, ಕೂಡಿಸದೆ ಕಳೆಯದೆ ಪೂರ್ತಿ ಹೇಳಬೇಕು. ದೊಡ್ಡವರ ಪ್ರಕರಣಕ್ಕೂ ಇದನ್ನೇ ಇಟ್ಟುಕೊಳ್ಳಿ. ಎದುರಾಳಿ ನಿಮ್ಮ ಬಾವನೋ ಸಾಲಗಾರನೋ ಆಗಿದ್ದರೆ ‘ನಾನು ಬೇಡ’ ಎಂದುಬಿಡಿ. ಸ್ಟೇಷನ್ನಿನಲ್ಲಿ ಯಾರೋ ಬಾಯಲ್ಲಿ ವಿವರಿಸಿದರೆ ಸಾಕು ಅನ್ನುವವರಿಗೆ 1962ರ ಹರಿಕಿಶನ್ ಪ್ರಕರಣ ನೆನಪಿಸಬೇಕು. ಇಂಗ್ಲಿಷಿನಲ್ಲಿದ್ದ ಬಂಧನದ ಕಾರಣಗಳನ್ನು ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ಹಿಂದಿಗೆ ತಿರುಗಿಸಿ ಹೇಳಿದ್ದು ಸಾಲದೆಂದು ಸುಪ್ರೀಂ ಕೋರ್ಟ್ ಆಗಲೇ ಹೇಳಿದೆ.

ಆಸ್ಪತ್ರೆಯಲ್ಲಿ ಪ್ರಮಾಣವೂ ಇಲ್ಲ, ಕಟಕಟೆಯೂ ಇಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರ ಸಿಗಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ, ಆದರೆ ಹೇಳುವವರು ಯಾರು? ಸಾಮಾನ್ಯವಾಗಿ ಮಗ ಅಥವಾ ಗಂಡ. ಹಿಂದೊಮ್ಮೆ ಹೊರರೋಗಿ ಸಾಲಿನಲ್ಲಿ ನನ್ನ ಮುಂದಿದ್ದ ತಾಯಿ ತಗ್ಗಿದ ದನಿಯಲ್ಲಿ ಎರಡು ನಿಮಿಷ ಹೇಳಿಕೊಂಡರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುತ್ತಿದೆ ಎಂಬ ಸಂಕಟ ಅದು. ಜೊತೆಗಿದ್ದ ಮಗ ಮುಖ ಆಚೆ ತಿರುಗಿಸಿ ಡಾಕ್ಟರಿಗೆ ಹೇಳಿದ್ದು: ‘ಸುಸ್ತಂತೆ ಸಾರ್.’ ಚೀಟಿಯಲ್ಲಿ ಟಾನಿಕ್ ಬಂತು. ಹುಡುಗ ಕೆಟ್ಟವನಲ್ಲ, ನಾಚಿದ ಅಷ್ಟೆ. ಇಂಥ ಕಡೆ ಹಾಡಿಯದೇ ಹೆಣ್ಣುಮಗಳೊಬ್ಬಳು, ಆಶಾ ಕಾರ್ಯಕರ್ತೆಯೋ ನರ್ಸೋ, ಪಕ್ಕದಲ್ಲಿರುವಂತೆ ನೋಡಿಕೊಳ್ಳಿ. ನೀವು ಹೊರಗೆ ನಿಲ್ಲುವುದೇ ವಾಸಿ.

ಇನ್ನೊಂದು ಕೈಚಳಕ: ‘ಅವರು ಹೊಟ್ಟೆನೋವು ಅಂತಾರೆ’ ಎನ್ನಬೇಡಿ, ‘ನನಗೆ ಹೊಟ್ಟೆನೋವು’ ಎಂದೇ ಹೇಳಿ. ಮೊದಮೊದಲು ನಗು ಬರುತ್ತದೆ. ಆದರೆ ‘ಅಂತೆ’ ಬಿಟ್ಟೊಡನೆ ಮಾತನ್ನು ಮೊಟಕುಮಾಡುವ ಚಾಳಿಯೂ ಬಿಡುತ್ತದೆ. ಆ ಕಾಯಿಲೆಗೆ ಹಾಡಿಯಲ್ಲಿ ಯಾವ ಹೆಸರು, ಅವರು ಆಗಲೇ ಯಾವ ನಾರುಬೇರು ತಿಂದಿದ್ದಾರೆ ಎಂಬುದು ನಿಮಗೆ ಗೊತ್ತಿದ್ದರೆ, ಮೊದಲು ಅವರನ್ನು ಕೇಳಿ. ಆಮೇಲೆ ‘ಇದು ನನ್ನ ಮಾತು’ ಎಂದು ಬೇರೆಯಾಗಿ ಹೇಳಿ. ಕೇಳಿದ್ದು ಟೀ ಅಂಗಡಿಗೆ ಹೋಗಕೂಡದು ಅನ್ನುವುದನ್ನು ನಿಮಗೆ ಹೇಳಬೇಕಿಲ್ಲ.

ದುಡ್ಡಿನ ವಿಷಯ ನೀವು ಕೇಳಲಿಲ್ಲ, ಸಂಕೋಚವಿರಬೇಕು. ಪೋಕ್ಸೊ ಪ್ರಕರಣಗಳಲ್ಲಿ ದುಭಾಷಿಗೆ ಸರ್ಕಾರ ಸಂಭಾವನೆ ಕೊಡಬೇಕು. ಅದಕ್ಕಾಗಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಟ್ಟಿರಬೇಕು. ಮೈಸೂರಿಗೆ ಹೋದಾಗ ಅಲ್ಲಿ ನಿಮ್ಮ ಹೆಸರು ಬರೆಸಿ, ಭಾಷೆಯ ಕಾಲಮಿನಲ್ಲಿ ‘ಕನ್ನಡ’ ಎಂದು ಬರೆಯಹೊರಟರೆ ತಡೆದು ‘ಜೇನುಕುರುಬ’ ಎಂದು ಬೇರೆಯಾಗಿ ಹಾಕಿಸಿ.