ಆಪರೇಶನ್ ಹೊತ್ತಿಗೆ ಮಾಣಿಗೆ ಶೀತ

ಪ್ರಶ್ನೆ: ನಮ್ಮ ಮಾಣಿಗೆ 4 ವರ್ಷ. ಹರ್ನಿಯಾ ಇದೆ. ಇನ್ನು ಹತ್ತು ದಿನಕ್ಕೆ ಮಣಿಪಾಲದಲ್ಲಿ ಆಪರೇಶನ್. ಬೆಂಗಳೂರಿನ ಹೋಟೆಲಿನಲ್ಲಿರುವ ಗಂಡ ರಜೆ ಹಾಕಿ ಬಂದಿದ್ದಾರೆ. ಈಗ ನೋಡಿದರೆ ಮಗುವಿಗೆ ಶೀತ, ಕೆಮ್ಮು. ಮಳೆಯಲ್ಲಿ ಆಡಲು ಬಿಟ್ಟೆನೆಂದು ಅತ್ತೆ ಬೈಯುತ್ತಾರೆ. ಸಿರಪ್ ಕುಡಿಸಿ, ಡಾಕ್ಟರಿಗೆ ಹೇಳದೆ ಮುಗಿಸಿಬಿಡೋಣವೇ?
- ಒಬ್ಬ ತಾಯಿ, ಕೋಟ

ಉತ್ತರ: ರಜೆ, ಖರ್ಚು, ಮನೆಯವರ ಮಾತು, ಎಲ್ಲವೂ ಒಟ್ಟಿಗೇ ನಿಮ್ಮ ತಲೆಯ ಮೇಲೆ ಬಿದ್ದಿದೆ. ಮಗನ ತೊಂದರೆ ಒಮ್ಮೆ ಮುಗಿಯಲಿ ಎಂಬ ಆಸೆಗೇ ಮುಚ್ಚಿಡುವ ಯೋಚನೆ ಬಂದಿದೆ, ಅದಕ್ಕೆ ನಾಚಬೇಡಿ. ಶೀತ ಬರುವುದು ವೈರಸ್‌ನಿಂದ. ಅಂಗನವಾಡಿಯಲ್ಲಿ ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟುತ್ತದೆ, ಆಷಾಢದ ಮಳೆಗೆ ಹೊಸಿಲು ದಾಟದ ಮಕ್ಕಳಿಗೂ ಬರುತ್ತದೆ. ಇದರಲ್ಲಿ ನಿಮ್ಮ ತಪ್ಪಿಲ್ಲ.

ಆದರೆ ಮುಚ್ಚಿಡುವುದು ಮಾತ್ರ ಬೇಡ. ಶೀತವಾದಾಗ ಶ್ವಾಸನಾಳ ಕೆರಳಿರುತ್ತದೆ. ಅರಿವಳಿಕೆ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕುವಾಗಲೋ ತೆಗೆಯುವಾಗಲೋ ಧ್ವನಿಪೆಟ್ಟಿಗೆ ಗಕ್ಕನೆ ಬಿಗಿದುಕೊಳ್ಳಬಹುದು, ರಕ್ತದಲ್ಲಿ ಆಮ್ಲಜನಕ ಇಳಿಯಬಹುದು. ಸಣ್ಣ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಉಬ್ಬಸವಿದ್ದರೆ, ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಇದ್ದರೆ ಇನ್ನೂ ಹೆಚ್ಚು. ಸಿರಪ್ ಮೂಗು ಸೋರುವುದನ್ನು ನಿಲ್ಲಿಸೀತು, ಒಳಗಿನ ಕೆರಳಿಕೆ ಮಾತ್ರ ಕೆಲವು ವಾರ ಹಾಗೇ ಇರುತ್ತದೆ. ಅರಿವಳಿಕೆ ತಜ್ಞರಿಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ.

ಹಾಗಾಗಿ ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಶೀತ ಯಾವಾಗ ಶುರುವಾಯಿತು, ಜ್ವರವಿದೆಯೇ, ಎದೆಯಲ್ಲಿ ಗೊರಗೊರ ಸದ್ದಿದೆಯೇ, ಯಾವ ಸಿರಪ್ ಕೊಟ್ಟಿರಿ, ಎಲ್ಲ ಹೇಳಿ. ನೀರಿನಂತೆ ಮೂಗು ಸೋರುತ್ತಿದ್ದು ಮಗು ಆಡಿಕೊಂಡಿದ್ದರೆ ಹೇಳಿದ ದಿನವೇ ಮಾಡಬಹುದು. ಜ್ವರ, ಕಫ ಇದ್ದರೆ ಸಾಮಾನ್ಯವಾಗಿ 2ರಿಂದ 4 ವಾರ ಮುಂದೂಡುತ್ತಾರೆ. ತೀರ್ಮಾನ ಅವರಿಗೇ ಬಿಡಿ. ಆಯುಷ್ಮಾನ್ ಕಾರ್ಡಿನಲ್ಲಿ ಆಗುವುದಾದರೆ ಹೊಸ ದಿನಾಂಕದ ವಿಷಯ ಅಲ್ಲಿನ ಆರೋಗ್ಯಮಿತ್ರರಲ್ಲಿ ಕೇಳಿ.

ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರ ಬೈಗುಳದ ಹಿಂದೆಯೂ ಇರುವುದು ಮೊಮ್ಮಗನ ಬಗೆಗಿನ ಹೆದರಿಕೆಯೇ, ಡಾಕ್ಟರ ಬಾಯಿಂದ ಕೇಳಿದರೆ ಸಮಾಧಾನವಾದೀತು. ಗಂಡನಿಗೆ ಮತ್ತೆ ರಜೆ ಸಿಗದಿದ್ದರೆ ಅಣ್ಣನೋ ಭಾವನೋ ಜೊತೆಗೆ ಬರಲಿ. ಚಿಂತೆಯಲ್ಲಿ ನಿದ್ದೆಯೇ ಬಾರದಂತಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಒಂದನ್ನು ಮಾತ್ರ ನೆನಪಿಡಿ. ಹರ್ನಿಯಾದ ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ನೋವಿನಿಂದ ಅಳುತ್ತಿದ್ದರೆ ಅಥವಾ ವಾಂತಿ ಮಾಡಿದರೆ ಶೀತ ಇಳಿಯಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಹೊರಡಿ. ಅಂಥ ಹೊತ್ತಿನಲ್ಲಿ ಶೀತವಿದ್ದರೂ ಆಪರೇಶನ್ ಮಾಡುತ್ತಾರೆ.